ಮೊದಲು ಪ್ರಶ್ನೆ, ಆಮೇಲೆ ಪ್ರವಾಹ



ಈ ಸಲ ಶಾಲೆಯ ಹಳೆಯ ನೆನಪುಗಳನ್ನು ಸ್ವಲ್ಪ ಬದಿಗಿರಿಸಿ, ನಿಮ್ಮಲ್ಲಿ ಹಲವರ ಅನ್ನಕ್ಕೆ ಸಂಬಂಧಿಸಿದ ವಿಷಯವೊಂದನ್ನು ಕುರಿತು ಬರೆಯುತ್ತಿದ್ದೇನೆ. ನನ್ನ ಬಳಿ ಗಣಿತ ಕಲಿತವರಲ್ಲಿ ಅನೇಕರು ಇಂದು ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿ ದತ್ತಾಂಶದ ಕೆಲಸದಲ್ಲಿದ್ದಾರೆ. ಒಬ್ಬರು ಡೇಟಾ ಎಂಜಿನಿಯರ್ ಎನ್ನುತ್ತಾರೆ, ಮತ್ತೊಬ್ಬರು ಅನಲಿಸ್ಟ್ ಎನ್ನುತ್ತಾರೆ. ಹಬ್ಬಕ್ಕೆ ಊರಿಗೆ ಬಂದಾಗ ಮನೆಗೂ ಬಂದು ಹೋಗುತ್ತಾರೆ. ಅವರ ಬಾಯಿಂದ ಎರಡು ಮಾತುಗಳನ್ನು ಪದೇ ಪದೇ ಕೇಳಿದ್ದೇನೆ. ಮೊದಲನೆಯದು, "ಮೇಷ್ಟ್ರೇ, ಈಗ ಎಲ್ಲವೂ ರಿಯಲ್ ಟೈಮ್. ಸ್ಟ್ರೀಮಿಂಗ್ ಗೊತ್ತಿಲ್ಲದವರಿಗೆ ಕೆಲಸವೇ ಇಲ್ಲ." ಎರಡನೆಯದು, "ಕಪ್ಪು ಪರದೆಯ ಮೇಲೆ ಕಮಾಂಡ್ ಬರೆಯುವ ಕಾಲ ಮುಗಿಯಿತು. ಕೃತಕ ಬುದ್ಧಿಮತ್ತೆಯೇ ಬರೆದುಕೊಡುತ್ತದೆ."

ಈ ಎರಡು ಮಾತುಗಳನ್ನೂ ನಾನು ಒಪ್ಪಲಾರೆ. ದತ್ತಾಂಶದ ಉದ್ಯೋಗಕ್ಕೆ ಬರುವವರು ಮೊಟ್ಟಮೊದಲು ಡೇಟಾಬೇಸಿನ ಕಮಾಂಡ್ ಲೈನಿನ ಎದುರು ಕುಳಿತು, ತಮ್ಮ ಪ್ರಶ್ನೆಯನ್ನು ತಾವೇ ಅಕ್ಷರಶಃ ಬರೆದು ಕೇಳುವುದನ್ನು ಕಲಿಯಬೇಕು. ಕ್ಷಣಕ್ಷಣದ ಪ್ರವಾಹವನ್ನು ಆಮೇಲೆ, ಅದು ನಿಜಕ್ಕೂ ಬೇಕಾದ ಕಡೆ ಮಾತ್ರ, ಕಟ್ಟಬೇಕು ಎಂಬುದು ನನ್ನ ಅಭಿಪ್ರಾಯ. ಹೈಸ್ಕೂಲು ಮೇಷ್ಟ್ರಿಗೆ ಇದರಲ್ಲಿ ಮಾತನಾಡಲು ಏನು ಅಧಿಕಾರ ಎಂದು ನೀವು ಕೇಳಬಹುದು. ನಿವೃತ್ತಿಯ ನಂತರ, ಹಳೆಯ ವಿದ್ಯಾರ್ಥಿಯೊಬ್ಬ ತಂದುಕೊಟ್ಟ ಲ್ಯಾಪ್‌ಟಾಪಿನಲ್ಲಿ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸನ್ನು ಹಾಕಿಸಿಕೊಂಡು, ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳ ಪಟ್ಟಿಯನ್ನು ಸಿದ್ಧಪಡಿಸುತ್ತ ನಾನು ಇದನ್ನು ಕಲಿತೆ. ಅದಕ್ಕಿಂತ ಮುಖ್ಯವಾಗಿ, ಮೂವತ್ತಕ್ಕೂ ಹೆಚ್ಚು ವರ್ಷ ಹಾಜರಿ ಪುಸ್ತಕ, ದಾಖಲಾತಿ ಪುಸ್ತಕ, ಅಂಕವಹಿಗಳನ್ನು ಬರೆದ ಕೈ ನನ್ನದು. ದಾಖಲೆಯೆಂದರೇನು, ಅದರಲ್ಲಿ ಒಂದಕ್ಷರ ತಪ್ಪಿದರೆ ಯಾರ ಬದುಕು ಅಲುಗಾಡುತ್ತದೆ ಎಂಬುದು ನನಗೆ ತಿಳಿದಿದೆ.

ಬಂಧುಗಳಿಗಾಗಿ ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ದತ್ತಾಂಶವನ್ನು ಸಾಲು ಮತ್ತು ಕಂಬಗಳಿರುವ ಕೋಷ್ಟಕಗಳಲ್ಲಿ ಇರಿಸಿ, ಅವುಗಳ ನಡುವಣ ಸಂಬಂಧವನ್ನು ಗಣಿತದ ಗಣಸಿದ್ಧಾಂತದಿಂದ ನಿರೂಪಿಸಬಹುದೆಂದು 1970ರಲ್ಲಿ ಲೇಖನ ಬರೆದವರು ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್. ನಾವು ಎಂಟನೆಯ, ಒಂಬತ್ತನೆಯ ತರಗತಿಗಳಲ್ಲಿ ಗಣಗಳ ಸಂಯೋಗ, ಛೇದನ ಎಂದು ವೆನ್ ಚಿತ್ರ ಬರೆದು ಕಲಿಸುತ್ತಿದ್ದೆವಲ್ಲ, ಅದೇ ಗಣಿತ. "ಇದರಿಂದ ಮುಂದೆ ಏನು ಪ್ರಯೋಜನ ಸಾರ್" ಎಂದು ಕೇಳುತ್ತಿದ್ದ ಹುಡುಗರೇ ಇಂದು ಅದರಿಂದ ಸಂಬಳ ಪಡೆಯುತ್ತಿದ್ದಾರೆ! ಕಾಡ್ ಅವರ ವಿಚಾರವನ್ನು ಆಧರಿಸಿ, ಅದೇ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಎಂಬಿಬ್ಬರು 1974ರಲ್ಲಿ ಪ್ರಶ್ನೆ ಕೇಳುವ ಭಾಷೆಯೊಂದನ್ನು ಪ್ರಕಟಿಸಿದರು. ಅದೇ ಇಂದಿನ ಎಸ್‌ಕ್ಯೂಎಲ್. ಗಣಿತದಲ್ಲಿ, ಪ್ರೋಗ್ರಾಮಿಂಗಿನಲ್ಲಿ ವಿಶೇಷ ತರಬೇತಿ ಇಲ್ಲದವರೂ ದತ್ತಾಂಶವನ್ನು ನೇರವಾಗಿ ಪ್ರಶ್ನಿಸುವಂತಾಗಬೇಕು ಎಂಬುದು ಅವರ ಉದ್ದೇಶವಾಗಿತ್ತು. ಐವತ್ತು ವರ್ಷ ದಾಟಿಯೂ ಆ ಭಾಷೆ ಬದುಕಿದೆ. ಕಂಪ್ಯೂಟರ್ ಜಗತ್ತಿನಲ್ಲಿ ಇಷ್ಟು ದೀರ್ಘಾಯುಷ್ಯ ಅಪರೂಪ.

ಆ ಭಾಷೆಯಲ್ಲಿ ನೇರವಾಗಿ ಮಾತನಾಡುವ ಸಾಧನವೇ ಕಮಾಂಡ್ ಲೈನ್. ಬಣ್ಣವಿಲ್ಲ, ಚಿತ್ರವಿಲ್ಲ. ಮಿನುಗುವ ಒಂದು ಗುರುತು, ಅದರ ಮುಂದೆ ನೀವು ಬರೆಯುವ ವಾಕ್ಯ, ಅದರ ಕೆಳಗೆ ಉತ್ತರ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಪೋಸ್ಟ್‌ಗ್ರೆಸ್‌ಗೆ ಪಿಎಸ್‌ಕ್ಯೂಎಲ್ ಎಂಬ ಇಂಥ ಸಾಧನ 1990ರ ದಶಕದ ನಡುವಿನಿಂದ ಇದೆ. ರಿಚರ್ಡ್ ಹಿಪ್ ಎಂಬವರು 2000ದಲ್ಲಿ ಬರೆದ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್ ನಿಮ್ಮೆಲ್ಲರ ಮೊಬೈಲಿನೊಳಗೂ ಕುಳಿತಿದೆ. ಅದು ಮೊದಲು ಹೊಳೆದದ್ದು ಅಮೆರಿಕದ ನೌಕಾದಳದ ಯುದ್ಧನೌಕೆಯೊಂದರ ಕೆಲಸ ಮಾಡುವಾಗ. ಅದಕ್ಕೂ ಒಂದು ಕಮಾಂಡ್ ಲೈನ್ ಉಂಟು. ಕಲಿಯಲು ಬಯಸುವ ಹೈಸ್ಕೂಲು ಮಕ್ಕಳಿಗೆ ಅದಕ್ಕಿಂತ ಸುಲಭವಾದ ಬಾಗಿಲಿಲ್ಲ.

ಈಗ ನನ್ನ ವಾದಕ್ಕೆ ಬರುತ್ತೇನೆ. ಕಮಾಂಡ್ ಲೈನಿನ ಮೊದಲ ಗುಣವೆಂದರೆ, ಅದು ಪೂರ್ಣ ವಾಕ್ಯವನ್ನು ಬೇಡುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಯಾರೋ ಮೊದಲೇ ಕೇಳಿಟ್ಟ ಪ್ರಶ್ನೆಯ ಉತ್ತರವನ್ನು ನೀವು ನೋಡುತ್ತೀರಿ. ಕಮಾಂಡ್ ಲೈನಿನಲ್ಲಿ ಪ್ರಶ್ನೆ ನಿಮ್ಮದು. ಯಾವ ಕೋಷ್ಟಕದಿಂದ, ಯಾವ ಷರತ್ತಿಗೆ ಒಳಪಟ್ಟು, ಹೇಗೆ ಗುಂಪುಗೂಡಿಸಿ ಎಂದು ಹೇಳದೆ ಅದು ಮುಂದಕ್ಕೆ ಹೋಗುವುದಿಲ್ಲ. ತರಗತಿಯಲ್ಲಿ "ಲೆಕ್ಕ ಅರ್ಥವಾಗಲಿಲ್ಲ ಸಾರ್" ಎನ್ನುವವನಿಗೆ ನಾನು "ಏನು ಅರ್ಥವಾಗಲಿಲ್ಲ, ಅದನ್ನು ಒಂದು ವಾಕ್ಯದಲ್ಲಿ ಬರೆ" ಎನ್ನುತ್ತಿದ್ದೆ. ಬರೆಯುವಷ್ಟರಲ್ಲಿ ಅರ್ಧ ಲೆಕ್ಕ ಬಿಡಿಸಿರುತ್ತಿತ್ತು. ಇದೂ ಹಾಗೆಯೇ.

ಎರಡನೆಯ ಗುಣ, ಹೆಜ್ಜೆಗಳು ಉಳಿಯುತ್ತವೆ. ಬರೆದ ಕಮಾಂಡನ್ನು ಕಡತದಲ್ಲಿಟ್ಟು ನಾಳೆ ಮತ್ತೆ ಓಡಿಸಬಹುದು, ಇನ್ನೊಬ್ಬರಿಗೆ ಕೊಟ್ಟು ಪರಿಶೀಲಿಸಲು ಹೇಳಬಹುದು. ಇಲಿಯನ್ನು ಹಿಡಿದು ಇಪ್ಪತ್ತು ಕಡೆ ಒತ್ತಿದ್ದನ್ನು ಯಾರು ನೆನಪಿಟ್ಟುಕೊಂಡಾರು? ಗಣಿತದಲ್ಲಿ ಉತ್ತರ ಸರಿಯಿದ್ದರೂ ಹಂತಗಳಿಲ್ಲದಿದ್ದರೆ ನಾನು ಪೂರ್ಣ ಅಂಕ ಕೊಡುತ್ತಿರಲಿಲ್ಲ ಎಂಬುದು ನಿಮಗೆಲ್ಲ ನೆನಪಿರಬಹುದು. ಕೆಲವರಿಗೆ ಇಂದಿಗೂ ಆ ಸಿಟ್ಟು ಹೋಗಿಲ್ಲ. ಆದರೆ ಹಂತಗಳಿಲ್ಲದ ಉತ್ತರವನ್ನು ಪರೀಕ್ಷಿಸುವುದು ಹೇಗೆ?

ಮೂರನೆಯದು, ಕಣ್ಣು ಕಾಣದ್ದನ್ನು ಅದು ತೋರಿಸುತ್ತದೆ. ನಮ್ಮ ಭಾಷೆಯಿಂದಲೇ ಉದಾಹರಣೆ ಕೊಡುತ್ತೇನೆ. "ಕನ್ನಡ" ಎಂಬ ಪದದಲ್ಲಿ ಎಷ್ಟು ಅಕ್ಷರಗಳಿವೆ? ಮೂರು ಎಂದು ಒಂದನೆಯ ತರಗತಿಯ ಮಗುವೂ ಹೇಳುತ್ತದೆ. ಪೋಸ್ಟ್‌ಗ್ರೆಸ್ ಅನ್ನು ಕೇಳಿದರೆ ಅದು ಐದು ಎನ್ನುತ್ತದೆ. ಕ, ನ, ವಿರಾಮ ಚಿಹ್ನೆ, ಮತ್ತೊಂದು ನ, ಡ ಎಂದು ಯೂನಿಕೋಡ್ ಸಂಕೇತಗಳನ್ನು ಅದು ಎಣಿಸುತ್ತದೆ. ಎಷ್ಟು ಬೈಟುಗಳೆಂದು ಕೇಳಿದರೆ ಹದಿನೈದು ಎನ್ನುತ್ತದೆ, ಏಕೆಂದರೆ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟು. ಮೂರು, ಐದು, ಹದಿನೈದು: ಮೂರೂ ಸರಿಯೇ. ಪ್ರಶ್ನೆ ಯಾವುದು ಎಂಬುದರ ಮೇಲೆ ಉತ್ತರ ನಿಂತಿದೆ. ಇಷ್ಟೇ ಅಲ್ಲ. "ಕೊ" ಎಂಬ ಅಕ್ಷರವನ್ನು ಕಂಪ್ಯೂಟರಿನೊಳಗೆ ಎರಡು ಬಗೆಯಲ್ಲಿ ಬರೆಯಬಹುದು. ಒತ್ವದ ಒಂದೇ ಸಂಕೇತದಿಂದ ಬರೆಯಬಹುದು, ಅಥವಾ ಎತ್ವ ಮತ್ತು ಊತ್ವಗಳ ಎರಡು ಸಂಕೇತಗಳನ್ನು ಜೋಡಿಸಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಯಂತ್ರಕ್ಕೆ ಮಾತ್ರ ಬೇರೆ ಬೇರೆ. ಇಂಥ ಭೇದವನ್ನು ಸರಿಪಡಿಸುವ ನಾರ್ಮಲೈಸ್ ಎಂಬ ಸೌಲಭ್ಯವನ್ನು ಪೋಸ್ಟ್‌ಗ್ರೆಸ್ 2020ರ ಆವೃತ್ತಿಯಲ್ಲಿ ಒದಗಿಸಿತು. ಆದರೆ ಭೇದವಿದೆ ಎಂಬ ಅನುಮಾನ ಬರಬೇಕಾದದ್ದು ಮನುಷ್ಯನಿಗೆ.

ಇದು ಬರಿಯ ಪಾಂಡಿತ್ಯದ ಮಾತಲ್ಲ. ನನ್ನ ವಿದ್ಯಾರ್ಥಿನಿಯೊಬ್ಬಳಿಗೆ ಬರಬೇಕಾಗಿದ್ದ ವಿದ್ಯಾರ್ಥಿವೇತನ ಒಂದು ಇಡೀ ವರ್ಷ ನಿಂತುಹೋಯಿತು. ಕಚೇರಿಯಲ್ಲಿ ಕೇಳಿದರೆ "ಎರಡು ದಾಖಲೆಗಳ ಹೆಸರು ಹೊಂದುತ್ತಿಲ್ಲ" ಎಂಬ ಒಂದೇ ಉತ್ತರ. ಮುದ್ರಿಸಿ ಕೊಟ್ಟ ಎರಡು ಹಾಳೆಗಳಲ್ಲೂ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ. ಆ ಹುಡುಗಿಯ ತಂದೆ ಕೂಲಿ ಬಿಟ್ಟು ಐದಾರು ಸಲ ಅಲೆದರು. ಕೊನೆಗೆ ಶುಲ್ಕಕ್ಕಾಗಿ ಕೈಸಾಲ ಮಾಡಿದರು. ಮರುವರ್ಷ ಅಲ್ಲಿಗೆ ಬಂದ ತಾಳ್ಮೆಯುಳ್ಳ ಒಬ್ಬ ಯುವಕ ಎರಡೂ ಹೆಸರುಗಳ ಉದ್ದವನ್ನು ಒಂದು ಕಮಾಂಡಿನಿಂದ ಅಳೆದು ನೋಡಿದ. ಒಂದರ ಉದ್ದ ಇನ್ನೊಂದಕ್ಕಿಂತ ಒಂದು ಹೆಚ್ಚು. ಹೆಸರಿನ ಕೊನೆಯಲ್ಲಿ ಯಾರೋ ಒತ್ತಿದ್ದ ಖಾಲಿ ಜಾಗ ಅದು! ಕಣ್ಣಿಗೆ ಕಾಣದ ಒಂದು ಖಾಲಿ ಜಾಗಕ್ಕೆ ಒಂದು ಸಂಸಾರ ಬಡ್ಡಿ ತೆತ್ತಿತು. ಆ ಕಚೇರಿಯಲ್ಲಿ ಬಣ್ಣದ ಡ್ಯಾಶ್‌ಬೋರ್ಡ್ ಇರಲಿಲ್ಲವೆಂದಲ್ಲ, ಇತ್ತು. ಎಷ್ಟು ಅರ್ಜಿ ತಿರಸ್ಕೃತವಾಗಿವೆ ಎಂಬುದನ್ನು ಅದು ಚೆನ್ನಾಗಿಯೇ ತೋರಿಸುತ್ತಿತ್ತು. ಏಕೆ ಎಂದು ಕೇಳುವವರು ಒಂದು ವರ್ಷ ಇರಲಿಲ್ಲ, ಅಷ್ಟೇ.

"ಈಗ ಕೃತಕ ಬುದ್ಧಿಮತ್ತೆ ಎಸ್‌ಕ್ಯೂಎಲ್ ಬರೆದುಕೊಡುತ್ತದೆ" ಎನ್ನುವವರಿಗೆ ಒಂದು ಸಣ್ಣ ಲೆಕ್ಕ ಕೊಡುತ್ತೇನೆ. ತರಗತಿಯಲ್ಲಿ ಐದು ಮಕ್ಕಳು. ಮೂವರು ಪರೀಕ್ಷೆ ಬರೆದು 60, 70, 80 ಅಂಕ ಪಡೆದರು. ಇಬ್ಬರು ಗೈರುಹಾಜರು. ಸರಾಸರಿ ಎಷ್ಟು? ಗೈರುಹಾಜರಾದವರ ಅಂಕದ ಜಾಗವನ್ನು ಖಾಲಿ ಬಿಟ್ಟಿದ್ದರೆ ಎಸ್‌ಕ್ಯೂಎಲ್ ಆ ಸಾಲುಗಳನ್ನು ಲೆಕ್ಕಕ್ಕೆ ಹಿಡಿಯದೆ 70 ಎನ್ನುತ್ತದೆ. ಅಲ್ಲಿ ಸೊನ್ನೆ ಬರೆದಿದ್ದರೆ 42 ಎನ್ನುತ್ತದೆ. ಎರಡೂ ವ್ಯಾಕರಣಶುದ್ಧ, ಎರಡೂ ಕ್ಷಣಾರ್ಧದಲ್ಲಿ ಬರುವ ಉತ್ತರ. ಯಾವುದು ಸತ್ಯ ಎಂಬುದು ಆ ಇಬ್ಬರು ಏಕೆ ಬರಲಿಲ್ಲ ಎಂಬುದನ್ನು ಬಲ್ಲವನಿಗೆ ಮಾತ್ರ ಗೊತ್ತು. ಜ್ವರ ಬಂದಿತ್ತೋ, ಶಾಲೆಯನ್ನೇ ಬಿಟ್ಟಿದ್ದಾರೋ, ಭತ್ತದ ಕೊಯ್ಲಿಗೆ ಹೋಗಿದ್ದರೋ? ಯಂತ್ರ ಬರೆದುಕೊಟ್ಟ ವಾಕ್ಯವನ್ನು ಬಳಸಬೇಡಿ ಎಂದು ನಾನು ಹೇಳುತ್ತಿಲ್ಲ. ಧಾರಾಳವಾಗಿ ಬಳಸಿ. ಆದರೆ ಓದಲು ಬಾರದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದವರ ಕಥೆ ನಮ್ಮ ಹಳ್ಳಿಗಳಲ್ಲಿ ಏನಾಯಿತೆಂಬುದನ್ನು ನಿಮ್ಮ ಅಜ್ಜಂದಿರು ಹೇಳಿರಬಹುದು. ಎಂಟರ್ ಗುಂಡಿ ಒತ್ತುವುದೂ ಹೆಬ್ಬೆಟ್ಟೇ. ಒತ್ತುವ ಮೊದಲು ಓದಲು ಬರಬೇಕು.

ಕಮಾಂಡ್ ಲೈನಿನಲ್ಲಿ ಅಪಾಯವಿಲ್ಲವೆಂದೂ ನಾನು ಹೇಳಲಾರೆ. 2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್ ಎಂಬ ಸಂಸ್ಥೆಯಲ್ಲಿ ನಡೆದದ್ದನ್ನು ಈ ವೃತ್ತಿಯವರು ಬಲ್ಲರು. ದಣಿದಿದ್ದ ಎಂಜಿನಿಯರೊಬ್ಬರು ಎರಡನೆಯ ಸರ್ವರಿನಲ್ಲಿ ಅಳಿಸಬೇಕಾಗಿದ್ದ ಕಡತಕೋಶವನ್ನು, ಮುಖ್ಯ ಸರ್ವರಿನಲ್ಲಿದ್ದೇನೆಂಬ ಅರಿವಿಲ್ಲದೆ ಅಲ್ಲಿಯೇ ಅಳಿಸತೊಡಗಿದರು. ಒಂದೆರಡು ಸೆಕೆಂಡಿನಲ್ಲಿ ಎಚ್ಚೆತ್ತು ನಿಲ್ಲಿಸಿದರೂ ಸುಮಾರು 300 ಗಿಗಾಬೈಟಿನಲ್ಲಿ ಉಳಿದದ್ದು ನಾಲ್ಕೂವರೆ ಮಾತ್ರ. ಪ್ರತಿದಿನ ತೆಗೆಯಬೇಕಾಗಿದ್ದ ಪ್ರತಿಗಳು, ಉಪಕರಣದ ಆವೃತ್ತಿ ಹೊಂದದ ಕಾರಣ ಬಹಳ ಹಿಂದೆಯೇ ವಿಫಲವಾಗುತ್ತಿದ್ದವು. ವಿಫಲವಾಗಿದೆ ಎಂದು ತಿಳಿಸುವ ಮಿಂಚಂಚೆಗಳೂ ಯಾರಿಗೂ ತಲುಪುತ್ತಿರಲಿಲ್ಲ. ಅದೃಷ್ಟಕ್ಕೆ ಆರು ಗಂಟೆ ಮೊದಲು ಕೈಯಾರೆ ತೆಗೆದಿಟ್ಟ ಒಂದು ಪ್ರತಿ ಇತ್ತು. ಆರು ಗಂಟೆಗಳ ಕೆಲಸ ಹೋಯಿತು. ಆ ಸಂಸ್ಥೆ ಇದನ್ನು ಬಚ್ಚಿಡದೆ, ದುರಸ್ತಿಯ ಕೆಲಸವನ್ನು ಜಗತ್ತಿಗೆ ನೇರಪ್ರಸಾರದಲ್ಲಿ ತೋರಿಸುತ್ತ, ಕಾರಣಗಳನ್ನು ವಿವರವಾಗಿ ಬರೆದು ಪ್ರಕಟಿಸಿದ್ದು ಮೆಚ್ಚತಕ್ಕ ಗುಣ.

ಇದರಿಂದ ಕಲಿಯಬೇಕಾದದ್ದು ಕಮಾಂಡ್ ಲೈನನ್ನು ಬಿಡಬೇಕೆಂಬ ಪಾಠವಲ್ಲ. ಪ್ರಯೋಗಾಲಯದಲ್ಲಿ ಆಮ್ಲವಿದೆಯೆಂದು ನಾವು ಪ್ರಯೋಗ ನಿಲ್ಲಿಸಲಿಲ್ಲ; ಬಾಟಲಿಗೆ ಚೀಟಿ ಅಂಟಿಸಿದೆವು. ಯಾವ ಸರ್ವರಿನಲ್ಲಿದ್ದೀರಿ ಎಂಬುದನ್ನು ಪರದೆಯ ಸಾಲಿನಲ್ಲೇ ಬಣ್ಣದಿಂದ ಕಾಣುವಂತೆ ಮಾಡಿಕೊಳ್ಳಿ. ಪಿಎಸ್‌ಕ್ಯೂಎಲ್‌ನಲ್ಲಿ ಅದಕ್ಕೆ ಅವಕಾಶವಿದೆ. ಬದಲಾವಣೆ ಮಾಡುವ ಮೊದಲು ಬಿಗಿನ್ ಎಂದು ಬರೆದು ವ್ಯವಹಾರ ಆರಂಭಿಸಿ. ಎಷ್ಟು ಸಾಲು ಬದಲಾಯಿತೆಂದು ಅದು ಹೇಳುವ ಸಂಖ್ಯೆಯನ್ನು ಓದಿ. ಒಂದು ಎಂದು ನಿರೀಕ್ಷಿಸಿದ್ದು ಒಂದು ಲಕ್ಷವಾಗಿದ್ದರೆ ರೋಲ್‌ಬ್ಯಾಕ್ ಎನ್ನಿ, ಸರಿಯಿದ್ದರೆ ಮಾತ್ರ ಕಮಿಟ್ ಎನ್ನಿ. ಅಳಿಸುವ ಮೊದಲು ಅದೇ ಷರತ್ತಿನಿಂದ ಆರಿಸಿ ನೋಡಿ. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸಿನ ಕಮಾಂಡ್ ಲೈನಿಗೆ, ಷರತ್ತಿಲ್ಲದೆ ಎಲ್ಲ ಸಾಲುಗಳನ್ನೂ ಬದಲಿಸುವ ಆದೇಶವನ್ನು ತಿರಸ್ಕರಿಸುವ ಒಂದು ರಕ್ಷಣೆಯಿದೆ. ಅದರ ಇನ್ನೊಂದು ಹೆಸರು "ಐ ಆಮ್ ಎ ಡಮ್ಮಿ", ಅಂದರೆ "ನಾನೊಬ್ಬ ಪೆದ್ದ" ಎಂದು. ನಗಬೇಡಿ. ಆ ಹೆಸರಿನಿಂದ ನಾಚದೆ ಅದನ್ನು ಬಳಸುವವನೇ ಜಾಣ.

ಇನ್ನು ಪ್ರವಾಹದ ವಿಚಾರ. ನಮ್ಮ ಕಡೆಯ ಅಡಿಕೆ ಮಂಡಿಗಳನ್ನು, ಹಳೆಯ ಕಿರಾಣಿ ಅಂಗಡಿಗಳನ್ನು ನೋಡಿದವರಿಗೆ ಇದು ಕಷ್ಟವಲ್ಲ. ಅಲ್ಲಿ ಎರಡು ಪುಸ್ತಕಗಳಿದ್ದವು. ಒಂದು ಕಿರ್ದಿ, ದಿನದ ವ್ಯವಹಾರವನ್ನು ನಡೆದ ಕ್ರಮದಲ್ಲೇ ಒಂದರ ಕೆಳಗೊಂದು ಬರೆಯುತ್ತ ಹೋಗುವುದು. ಇನ್ನೊಂದು ಖಾತೆ, ಯಾರಿಂದ ಎಷ್ಟು ಬರಬೇಕು, ಯಾರಿಗೆ ಎಷ್ಟು ಕೊಡಬೇಕು ಎಂಬ ಇಂದಿನ ಸ್ಥಿತಿ. ಕಿರ್ದಿಯಿದ್ದರೆ ಖಾತೆಯನ್ನು ಮತ್ತೆ ಬರೆಯಬಹುದು. ಖಾತೆ ಮಾತ್ರ ಇದ್ದರೆ, ಈ ಬಾಕಿ ಹೇಗೆ ಬಂತೆಂದು ಹೇಳಲಾಗದು. ಡೇಟಾಬೇಸಿನ ಕೋಷ್ಟಕವೇ ಖಾತೆ. ಘಟನೆಗಳ ಪ್ರವಾಹವೇ ಕಿರ್ದಿ. ಕಿರ್ದಿಯಲ್ಲಿ ಅಳಿಸುವಂತಿಲ್ಲ; ತಪ್ಪಿದ್ದರೆ ಕೆಳಗೆ ತಿದ್ದುಪಡಿಯ ಹೊಸ ಸಾಲು ಬರೆಯಬೇಕು.

ಈ ಕಿರ್ದಿಯನ್ನೇ ದೊಡ್ಡ ಪ್ರಮಾಣದಲ್ಲಿ ಕಟ್ಟಿದ ತಂತ್ರಾಂಶ ಕಾಫ್ಕಾ. ಲಿಂಕ್ಡ್‌ಇನ್ ಸಂಸ್ಥೆಯಲ್ಲಿ ಜೇ ಕ್ರೆಪ್ಸ್, ಪುಣೆಯಲ್ಲಿ ಬೆಳೆದ ನೇಹಾ ನಾರ್ಖೇಡೆ, ಜುನ್ ರಾವ್ ಎಂಬ ಮೂವರು ಇದನ್ನು ರೂಪಿಸಿದರು. 2011ರಲ್ಲಿ ಇದು ಎಲ್ಲರಿಗೂ ಮುಕ್ತವಾಯಿತು. ಬರೆಯುವುದಕ್ಕೆಂದೇ ಇರುವ ವ್ಯವಸ್ಥೆಯಾದ್ದರಿಂದ ಬರಹಗಾರನ ಹೆಸರೇ ಇರಲೆಂದು ಕ್ರೆಪ್ಸ್ ಅವರು ಫ್ರಾನ್ಜ್ ಕಾಫ್ಕಾನ ಹೆಸರಿಟ್ಟರಂತೆ. ಇದರಲ್ಲಿ ಒಂದೊಂದು ವಿಷಯಕ್ಕೆ ಒಂದೊಂದು ಕಿರ್ದಿ, ಪ್ರತಿ ಕಿರ್ದಿಗೆ ಹಲವು ಭಾಗಗಳು, ಪ್ರತಿ ಭಾಗದಲ್ಲೂ ಸಾಲುಗಳಿಗೆ ಕ್ರಮಸಂಖ್ಯೆ. ಓದುವವನು ತಾನು ಎಲ್ಲಿಯವರೆಗೆ ಓದಿದ್ದೇನೆಂದು ಗುರುತಿಟ್ಟುಕೊಳ್ಳುತ್ತಾನೆ. ನಡುವೆ ನಿಂತರೂ ಅಲ್ಲಿಂದಲೇ ಮುಂದುವರಿಯಬಹುದು. ಬೇರೆ ಏನನ್ನೂ ಹೇಳದಿದ್ದರೆ ಸಾಲುಗಳನ್ನು ಏಳು ದಿನ ಇಟ್ಟುಕೊಳ್ಳುತ್ತದೆ. ಕ್ರಮ ತಪ್ಪುವುದಿಲ್ಲವೆಂಬ ಭರವಸೆ ಒಂದು ಭಾಗದೊಳಗೆ ಮಾತ್ರ ಉಂಟು, ಭಾಗಗಳ ನಡುವೆ ಇಲ್ಲ. ಎ ವಿಭಾಗದ ಹಾಜರಿ ಕರೆಯುವ ಕ್ರಮಕ್ಕೂ ಬಿ ವಿಭಾಗದ ಕ್ರಮಕ್ಕೂ ಸಂಬಂಧವಿಲ್ಲದಂತೆ. ಜೊತೆಗೆ, ಒಂದೇ ಸಾಲು ಎರಡು ಸಲ ಬಂದು ತಲುಪುವ ಸಂದರ್ಭಗಳುಂಟು. ಅದೇ ಜಮೆಯನ್ನು ಎರಡು ಸಲ ಖಾತೆಗೆ ಏರಿಸದಂತೆ ನೋಡಿಕೊಳ್ಳುವುದು ನಿಮ್ಮ ಹೊಣೆ.

ಗಮನಿಸಿ, ಇವೆರಡೂ ಬೇರೆ ಬೇರೆ ಲೋಕಗಳಲ್ಲ. ಪೋಸ್ಟ್‌ಗ್ರೆಸ್ ಕೂಡ 2001ರಿಂದ, ಪ್ರತಿ ಬದಲಾವಣೆಯನ್ನು ಮೊದಲು ತನ್ನದೇ ಕಿರ್ದಿಯೊಂದರಲ್ಲಿ ಬರೆದುಕೊಂಡು ಆಮೇಲೆ ಕೋಷ್ಟಕಕ್ಕೆ ಏರಿಸುತ್ತದೆ. ವಿದ್ಯುತ್ ಹೋಗಿ ಯಂತ್ರ ನಿಂತರೆ ಆ ಕಿರ್ದಿಯಿಂದಲೇ ಅದು ಚೇತರಿಸಿಕೊಳ್ಳುತ್ತದೆ. ಡೆಬೀಜಿಯಂನಂಥ ಸಾಧನಗಳು ಅದನ್ನೇ ಓದಿ ಕಾಫ್ಕಾದೊಳಕ್ಕೆ ಹರಿಸುತ್ತವೆ. ಕಾಫ್ಕಾದೊಳಗೆ ಏನು ಹರಿಯುತ್ತಿದೆ ಎಂದು ಇಣುಕಿ ನೋಡಲೂ ಕೆಕ್ಯಾಟ್‌ನಂಥ ಕಮಾಂಡ್ ಲೈನ್ ಸಾಧನಗಳಿವೆ. ಒಂದು ಪ್ರೋಗ್ರಾಮಿನಿಂದ ಹೊರಟ ದತ್ತಾಂಶ ಇನ್ನೊಂದಕ್ಕೆ ನೇರವಾಗಿ ಹರಿಯಬೇಕು, ತೋಟದ ಹೊಳವೆಗೆ ಮತ್ತೊಂದು ತುಂಡು ಜೋಡಿಸುವ ಹಾಗೆ, ಎಂದು ಡಗ್ಲಸ್ ಮೆಕಿಲ್‌ರಾಯ್ 1964ರಲ್ಲೇ ಟಿಪ್ಪಣಿ ಬರೆದಿದ್ದರು. 1973ರಲ್ಲಿ ಯುನಿಕ್ಸ್‌ನಲ್ಲಿ ಅದು ಪೈಪ್ ಎಂಬ ಹೆಸರಿನಿಂದ ಜಾರಿಗೆ ಬಂತು. ಇಂದು ಲಕ್ಷಾಂತರ ರೂಪಾಯಿಯ ಸ್ಟ್ರೀಮಿಂಗ್ ಎನ್ನುವುದರ ಬೀಜ ಅಲ್ಲಿದೆ. ಆದ್ದರಿಂದಲೇ ಮೊದಲು ಕಮಾಂಡ್ ಲೈನ್ ಕಲಿಯಿರಿ ಎನ್ನುತ್ತೇನೆ. ಖಾತೆ ಓದಲು ಬಾರದವನ ಕೈಗೆ ಕಿರ್ದಿ ಕೊಟ್ಟು ಪ್ರಯೋಜನವಿಲ್ಲ.

ಹಾಗಾದರೆ ರಿಯಲ್ ಟೈಮ್ ಎಲ್ಲಿ ಬೇಕು? ಬೇಕಾದ ಕಡೆ ಅದು ಪ್ರಾಣ ಉಳಿಸುತ್ತದೆ. ಜಪಾನಿನಲ್ಲಿ 2007ರಿಂದ ಸಾರ್ವಜನಿಕರಿಗೆ ಭೂಕಂಪದ ಮುನ್ಸೂಚನೆ ಕೊಡುತ್ತಿದ್ದಾರೆ. ಮೊದಲ ಸಣ್ಣ ಅಲೆಯನ್ನು ಹಿಡಿದು, ದೊಡ್ಡ ಅಲೆ ತಲುಪುವ ಮುನ್ನ ಎಚ್ಚರಿಸುವ ಆ ವ್ಯವಸ್ಥೆಗೆ ಸೆಕೆಂಡುಗಳೇ ಸರ್ವಸ್ವ. 2016ರಲ್ಲಿ ಬಂದ ಯುಪಿಐನಲ್ಲಿ ಹಣ ಬಂತೋ ಇಲ್ಲವೋ ಎಂದು ಚಹಾ ಅಂಗಡಿಯವನಿಗೆ ಗಿರಾಕಿ ಹೊರಡುವ ಮೊದಲೇ ತಿಳಿಯಬೇಕು. ಇಲ್ಲಿ ತಡವೆಂದರೆ ನಷ್ಟವೇ. ಆದರೆ ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಇರಿಸಿರುವ ಮಳೆಮಾಪಕಗಳನ್ನು ನೋಡಿ. ಅವು ಹದಿನೈದು ನಿಮಿಷಕ್ಕೊಮ್ಮೆ ಮಾಹಿತಿ ಕಳುಹಿಸುತ್ತವೆ. ಸೆಕೆಂಡಿಗೊಮ್ಮೆ ಅಲ್ಲ. ಮಳೆಯ ವಿಷಯದಲ್ಲಿ ಹದಿನೈದು ನಿಮಿಷ ಸಾಕೆಂದು ಯಾರೋ ಯೋಚಿಸಿ ನಿರ್ಧರಿಸಿದ್ದಾರೆ. ಆ ಯೋಚನೆಯನ್ನು ನಾನು ಗೌರವಿಸುತ್ತೇನೆ.

ಇನ್ನೊಂದು ಉದಾಹರಣೆ ನಮ್ಮ ಭೂಮಿ ಯೋಜನೆ. 2000ದ ಆಸುಪಾಸಿನಲ್ಲಿ ಕರ್ನಾಟಕವು ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕೀಕರಿಸಿತು. ಅದರಲ್ಲಿ ನನಗೆ ಬಹಳ ಹಿಡಿಸಿದ ಅಂಶವೆಂದರೆ, ಖಾತೆ ಬದಲಾವಣೆಯ ಅರ್ಜಿಗಳು ಬಂದ ಕ್ರಮದಲ್ಲೇ ವಿಲೇವಾರಿಯಾಗಬೇಕೆಂಬ ನಿಯಮವನ್ನು ತಂತ್ರಾಂಶದೊಳಗೇ ಕಟ್ಟಿದ್ದು. ಮೊದಲು ಬಂದವನಿಗೆ ಮೊದಲು. ಪ್ರಭಾವಿಯ ಕಾಗದ ಮೇಲಕ್ಕೆ ಹಾರುವಂತಿಲ್ಲ, ಬಡವನದು ಕೆಳಗೆ ಜಾರುವಂತಿಲ್ಲ. ಇಲ್ಲಿ ನ್ಯಾಯ ಬಂದದ್ದು ವೇಗದಿಂದಲ್ಲ, ಕ್ರಮದಿಂದ. ಅಷ್ಟೇ ಅಲ್ಲ, ಖಾತೆ ಬದಲಾಗುವ ಮೊದಲು ಆಕ್ಷೇಪಣೆ ಸಲ್ಲಿಸಲು ಕಾಲಾವಕಾಶ ಕೊಡಬೇಕೆಂದು ಕಾನೂನು ಹೇಳುತ್ತದೆ. ಆ ಕಾಯುವಿಕೆ ಸೋಮಾರಿತನವಲ್ಲ. ಅಣ್ಣ ಗುಟ್ಟಾಗಿ ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಹೊರಟ ಹೊಲದಲ್ಲಿ ಪಾಲಿರುವ ತಂಗಿಗೆ, "ನನ್ನದೂ ಇದೆ" ಎಂದು ಹೇಳಲು ದೊರೆಯುವ ಸಮಯ ಅದು. ಅದನ್ನು ಒಂದು ಸೆಕೆಂಡಿಗೆ ಇಳಿಸಿದರೆ ಡ್ಯಾಶ್‌ಬೋರ್ಡ್ ಹಸಿರಾಗುತ್ತದೆ. ಆ ತಂಗಿ ಮಾತ್ರ ಬೀದಿಗೆ ಬೀಳುತ್ತಾಳೆ.

ಈ ಕಾರಣದಿಂದ, ಪ್ರವಾಹ ಕಟ್ಟುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ ಎಂದು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಈ ಮಾಹಿತಿ ಒಂದು ನಿಮಿಷದೊಳಗೆ ಬಂದರೆ, ಆ ನಿಮಿಷದಲ್ಲಿ ಅದನ್ನು ನೋಡಿ ಏನಾದರೂ ಮಾಡುವವರು ಯಾರು? ನಾಳೆ ಬೆಳಿಗ್ಗೆ ಬಂದರೆ ಯಾರಿಗೆ ಏನು ನಷ್ಟ? ನಡುರಾತ್ರಿ ಈ ಹೊಳವೆ ಕಟ್ಟಿಕೊಂಡರೆ ಎದ್ದು ಬಿಡಿಸುವವರು ಯಾರು? ಮೊದಲ ಎರಡಕ್ಕೆ ಉತ್ತರವಿಲ್ಲದಿದ್ದರೆ, ರಾತ್ರಿ ಒಮ್ಮೆ ತಾನಾಗಿ ಓಡುವ ಒಂದು ಪಿಎಸ್‌ಕ್ಯೂಎಲ್ ಕಡತ ಸಾಕು. ಮೇಲಧಿಕಾರಿ ವಾರಕ್ಕೊಮ್ಮೆ ನೋಡುವ ವರದಿಗೆ ಸೆಕೆಂಡಿಗೊಮ್ಮೆ ದತ್ತಾಂಶ ಹರಿಸುವುದು, ತಿಂಗಳಿಗೊಮ್ಮೆ ಬರುವ ನೆಂಟರಿಗಾಗಿ ದಿನವಿಡೀ ಒಲೆ ಉರಿಸಿದಂತೆ.

ಮೂರನೆಯ ಪ್ರಶ್ನೆಯನ್ನು ನಾನು ಸೇರಿಸಿದ್ದು ಸುಮ್ಮನೆ ಅಲ್ಲ. ನಿಮ್ಮ ಕಣ್ಣ ಕೆಳಗಿನ ಕಪ್ಪನ್ನು ನೋಡಿಯೇ ಸೇರಿಸಿದೆ. ಊಟದ ನಡುವೆ ಮೊಬೈಲ್ ಕಿರುಚಿದೊಡನೆ ಎಲೆ ಬಿಟ್ಟು ಎದ್ದು ಲ್ಯಾಪ್‌ಟಾಪ್ ತೆರೆಯುವವರನ್ನು ನಮ್ಮ ಮನೆಯಲ್ಲೇ ಕಂಡಿದ್ದೇನೆ. ಏನಾಯಿತೆಂದು ಕೇಳಿದರೆ, ಯಾವುದೋ ಜಾಹೀರಾತಿನ ಲೆಕ್ಕ ನಾಲ್ಕು ನಿಮಿಷ ಹಿಂದೆ ಬಿದ್ದಿದೆಯಂತೆ. ಆಸ್ಪತ್ರೆಯ ರೋಗಿಯದ್ದೋ ಅಣೆಕಟ್ಟಿನ ನೀರಿನದ್ದೋ ಆದರೆ ನಾನೇ "ಏಳಪ್ಪ, ಅನ್ನ ಆಮೇಲೆ" ಎನ್ನುತ್ತಿದ್ದೆ. ಜಾಹೀರಾತಿನ ಲೆಕ್ಕಕ್ಕೆ ನಿದ್ರೆಗೆಟ್ಟ ಮಗ, ಸೊಸೆ, ಅವರನ್ನು ಕಾಯುವ ಪುಟ್ಟ ಮಗು. ಇದು ಯಾವ ಪ್ರಗತಿ? ಬೇಡದ ಪ್ರವಾಹವನ್ನು ಬೇಡವೆನ್ನುವುದೂ ವೃತ್ತಿಕೌಶಲದ ಭಾಗವೇ. ಹಾಗೆ ಹೇಳುವ ಧೈರ್ಯ ಬರುವುದು, ಇದಕ್ಕಿಂತ ಸರಳ ದಾರಿಯನ್ನು ತನ್ನ ಕೈಯಾರೆ ಮಾಡಿ ತೋರಿಸಬಲ್ಲವನಿಗೆ.

ಎದುರು ವಾದವನ್ನೂ ಹೇಳಬೇಕು. "ಮೇಷ್ಟ್ರೇ, ಸಂದರ್ಶನದಲ್ಲಿ ಕೇಳುವುದೇ ಸ್ಟ್ರೀಮಿಂಗ್. ಅದು ಬಾರದಿದ್ದರೆ ಒಳಗೇ ಬಿಡುವುದಿಲ್ಲ" ಎಂಬ ಮಾತಿನಲ್ಲಿ ಸತ್ಯವಿದೆ. ಹೊಟ್ಟೆಪಾಡಿಗೆ ಅದನ್ನೂ ಕಲಿಯಿರಿ. ಬೇಡವೆನ್ನಲು ನಾನು ಯಾರು? ಆದರೆ ಕಲಿಯುವ ಕ್ರಮವನ್ನು ಬದಲಿಸಬೇಡಿ. ಮಗ್ಗಿ ಬಾರದವನಿಗೆ ಕ್ಯಾಲ್ಕುಲೇಟರ್ ಕೊಟ್ಟರೆ ಉತ್ತರ ಬರುತ್ತದೆ, ಉತ್ತರ ತಪ್ಪಾದಾಗ ಅನುಮಾನ ಬರುವುದಿಲ್ಲ. ಮೊದಲ ಮೂರು ತಿಂಗಳು ಎಸ್‌ಕ್ಯೂಲೈಟ್ ಅಥವಾ ಪೋಸ್ಟ್‌ಗ್ರೆಸ್ ಹಾಕಿಕೊಂಡು, ನಿಮ್ಮದೇ ಮನೆಯ ಲೆಕ್ಕವನ್ನೋ, ಊರಿನ ಮಳೆಯ ದಾಖಲೆಯನ್ನೋ ತುಂಬಿ, ದಿನಕ್ಕೆ ಹತ್ತು ಪ್ರಶ್ನೆ ಬರೆದು ಕೇಳಿ. ಉತ್ತರವನ್ನು ಮೊದಲು ಊಹಿಸಿ, ಆಮೇಲೆ ಎಂಟರ್ ಒತ್ತಿ. ಊಹೆಗೂ ಉತ್ತರಕ್ಕೂ ಅಂತರ ಬಂದಲ್ಲಿ ನಿಲ್ಲಿ. ಕಲಿಕೆ ಇರುವುದು ಅಲ್ಲಿ. ನಂತರ ಕಾಫ್ಕಾ ಕಲಿತರೆ ವಾರಗಳಲ್ಲಿ ಕೈವಶವಾಗುತ್ತದೆ.

ಈಗ ಈ ಕೆಲಸದಲ್ಲಿ ಇಲ್ಲದ ಬಂಧುಗಳಿಗೂ ಒಂದು ಮಾತು. ಕಚೇರಿಯಲ್ಲಿ "ಸಿಸ್ಟಮ್ ತೆಗೆದುಕೊಳ್ಳುತ್ತಿಲ್ಲ" ಎಂದು ಯಾರಾದರೂ ಹೇಳಿದರೆ ತಲೆತಗ್ಗಿಸಿ ಹಿಂದಿರುಗಬೇಡಿ. ಸಿಸ್ಟಮ್ ಎಂಬುದು ಮನುಷ್ಯರು ಬರೆದ ಪ್ರಶ್ನೆಗಳ ಕಟ್ಟು. ಯಾವ ದಾಖಲೆಯ ಯಾವ ಅಂಶ ಯಾವುದರೊಡನೆ ಹೊಂದುತ್ತಿಲ್ಲ ಎಂದು ವಿನಯದಿಂದ, ಆದರೆ ಬಿಡದೆ ಕೇಳಿ. ಸಾಧ್ಯವಾದರೆ ಬರಹದಲ್ಲಿ ಕೇಳಿ. ಮತ್ತು ಆ ಮೇಜಿನ ಆಚೆ ಅಥವಾ ಆ ಪರದೆಯ ಹಿಂದೆ ಕುಳಿತಿರುವ ನನ್ನ ವಿದ್ಯಾರ್ಥಿಗಳೇ, ನೀವು ನೋಡುವ ಪ್ರತಿ ಸಾಲಿನ ಆಚೆಗೂ ಕೂಲಿ ಬಿಟ್ಟು ಬಂದ ಒಬ್ಬ ತಂದೆ ಇರಬಹುದು. ತಿರಸ್ಕೃತವಾದ ಸಾಲುಗಳನ್ನು ಎಣಿಸಿ ಸುಮ್ಮನಾಗದೆ, ಅವುಗಳಲ್ಲಿ ಹತ್ತನ್ನಾದರೂ ದಿನಕ್ಕೊಮ್ಮೆ ತೆರೆದು ಓದಿ.

ನನ್ನ ಅಭಿಪ್ರಾಯವನ್ನು ಒಪ್ಪಲೇಬೇಕೆಂದಿಲ್ಲ. ಈ ವೃತ್ತಿಯಲ್ಲಿ ದಿನವೂ ಬೇಯುವವರು ನೀವು. ನನಗೆ ಕಾಣದ್ದು ನಿಮಗೆ ಕಂಡಿರಬಹುದು. ಒಪ್ಪದವರು ಕಾರಣ ಸಹಿತ ಬರೆದು ತಿಳಿಸಿ, ಹಂತಗಳನ್ನು ಮಾತ್ರ ಬಿಡಬೇಡಿ.

ಎಲ್ಲರಿಗೂ ಒಳ್ಳೆಯದಾಗಲಿ.